ಶರಣಮ್ಮನ ಅಪ್ಪ ಏನ್ರಿ?

ಅಪ್ಪ ಅವ್ವ ಊರಿಂದ ಬಂದ ದಿನವೇ ಶರಣಮ್ಮನ ವಾರದ ರಜೆ ರದ್ದಾಯಿತು. ಡಿಪೋದಲ್ಲಿ ಇಬ್ಬರು ಕಂಡಕ್ಟರ್‌ಗಳಿಗೆ ಜ್ವರ. “ನಾಳೆ ಒಂದಿನ ಬಂದ್ಬಿಡಮ್ಮ, ಮುಂದಿನ ವಾರ ಎರಡು ದಿನ ತಗೊಳ್ಳೋವಂತೆ” ಎಂದು ಡ್ಯೂಟಿ ಹಾಕುವವರು ತಲೆ ಎತ್ತದೆ ಹೇಳಿದರು. ಮುಂದಿನ ವಾರ ಅಪ್ಪ ಅವ್ವ ನರೇಗಲ್ಲಿಗೆ ಮರಳಿರುತ್ತಾರೆ ಎಂದು ಅವಳು ಹೇಳಲು ಹೋಗಲಿಲ್ಲ. ಹೇಳಿದರೆ ಅವರು ಮುಖ ಎತ್ತುತ್ತಿದ್ದರು, ಡ್ಯೂಟಿ ಮಾತ್ರ ಬದಲಾಗುತ್ತಿರಲಿಲ್ಲ.

ಬೆಳಿಗ್ಗೆ ಬನಶಂಕರಿ ಗುಡಿ, ಅಲ್ಲಿಂದ ಲಾಲ್‌ಬಾಗ್, ಸಂಜೆ ಜಯನಗರದ ನಾಲ್ಕನೇ ಬ್ಲಾಕಿನಲ್ಲಿ ಅವ್ವನಿಗೊಂದು ಸೀರೆ ಎಂದು ಅವಳು ಒಂದು ತಿಂಗಳಿನಿಂದ ಲೆಕ್ಕ ಹಾಕಿಟ್ಟಿದ್ದಳು. ಬಿ.ಟಿ.ಎಂ. ಲೇಔಟಿನ ಬಾಡಿಗೆ ಕೋಣೆಗೆ ಬಂದು ಸುದ್ದಿ ಹೇಳಿದಾಗ ಅವ್ವ ಯಲ್ಲವ್ವ ಅಷ್ಟೇನೂ ಬೇಜಾರು ಮಾಡಿಕೊಳ್ಳಲಿಲ್ಲ.

“ಹಂಗಾದ್ರ ನಾವೂ ನಿನ್ ಬಸ್ಸಿನಾಗ ಬರ್ತೀವಿ ಬಿಡು. ಊರೂ ನೋಡಿದಂಗಾತು, ನೀ ಏನ್ ಮಾಡ್ತಿ ಅಂತಾನೂ ನೋಡಿದಂಗಾತು.”

ಶರಣಮ್ಮ ಬೇಡ ಎನ್ನಲು ಒಂದು ನೆಪಕ್ಕಾಗಿ ತಡಕಾಡಿದಳು. “ಗದ್ಲ ಇರ್ತದವ್ವಾ, ನಿಂದ್ರಾಕೂ ಜಾಗ ಸಿಗಂಗಿಲ್ಲ” ಎಂದಳು.

“ಗದಗಿನ ಬಸ್ಸಿನಾಗ ಬಂದಾಕಿ ನಾನು. ನನಗ ಗದ್ಲ ಹೇಳ್ತಿಯೇನು?”

ಅಪ್ಪ ದ್ಯಾಮಣ್ಣ ಕನ್ನಡಿಯ ಕೆಳಗಿನ ಹಲಗೆಯ ಮೇಲಿದ್ದ, ತಾನು ಊರಿಂದ ತಂದ ಕಂದು ಲಕೋಟೆಯ ಕಡೆ ಒಮ್ಮೆ ನೋಡಿದ, ಅಷ್ಟೆ.

ಆ ಲಕೋಟೆಯಲ್ಲಿ ಇದ್ದದ್ದು ವರ್ಗಾವಣೆಯ ಅರ್ಜಿ. ಬೆಂಗಳೂರಿನ ಬಸ್ಸು ಬಿಟ್ಟು ಗದಗಿನ ಡಿಪೋಗೆ ಹೋಗಲು. ಅದರ ಹಿಂದೆ ಒಂದು ಕತೆಯಿತ್ತು. ದ್ಯಾಮಣ್ಣ ನರೇಗಲ್ಲಿನ ಪೋಸ್ಟ್‌ಮನ್. ಇಪ್ಪತ್ತೊಂಬತ್ತು ವರ್ಷ ಆರು ಹಳ್ಳಿಗಳಿಗೆ ಕಾಲ್ನಡಿಗೆಯಲ್ಲಿ ಟಪಾಲು ಹಂಚಿದವನು. ಸಾವಿರದ ಒಂಬೈನೂರ ತೊಂಬತ್ತೊಂಬತ್ತರಲ್ಲಿ ಮಗಳಿಗೆ ಕಂಡಕ್ಟರ್ ಕೆಲಸದ ಆರ್ಡರು ಬಂದಾಗ ಅದನ್ನು ತಂದುಕೊಟ್ಟವನೂ ಅವನೇ. ಮೂರು ತಿಂಗಳ ಮೇಲೆ ಒಂದು ನೀಲಿ ಇನ್‌ಲ್ಯಾಂಡ್ ಕಾಗದ ಅವನದೇ ಚೀಲದಲ್ಲಿ ಬಂತು. ವಿಳಾಸ ಅವನದೇ, ಅಕ್ಷರ ಮಗಳದು. ಹನುಮಪ್ಪನ ಗುಡಿಕಟ್ಟೆಯ ಮೇಲೆ ಕುಳಿತು ಒಡೆದು ಓದಿದ. ‘ಅಪ್ಪಾ, ಇಲ್ಲಿ ನನಗ ಆಗಂಗಿಲ್ಲ. ಮಂದಿ ಏನೇನೋ ಅಂತಾರ. ಹೆಂಗಾರ ಮಾಡಿ ನನ್ನ ಕರಕೊಂಡು ಹೋಗು.’ ಕಾಗದ ಮಡಚಿ ಒಳಂಗಿಯಲ್ಲಿಟ್ಟುಕೊಂಡು ಉಳಿದ ಟಪಾಲನ್ನೆಲ್ಲ ಹಂಚಿಯೇ ಮನೆಗೆ ಹೋದ. ಅಂದಿನಿಂದ ಮೂರು ವರ್ಷ ಗದಗು, ಹುಬ್ಬಳ್ಳಿ ಎಂದು ಕಚೇರಿಗಳ ಮೆಟ್ಟಿಲು ಹತ್ತಿ ಇಳಿದ. ಯಾರದೋ ಪರಿಚಯ ಹಿಡಿದು ಕೊನೆಗೂ ‘ಅರ್ಜಿ ಕೊಡಿಸ್ರಿ, ನೋಡೂಣು’ ಎನ್ನಿಸಿಕೊಂಡ. ಈಗ ಬೇಕಾದದ್ದು ಮಗಳ ಸಹಿ. ತಿಂಗಳ ಕೊನೆಯೊಳಗೆ ಅದು ಹುಬ್ಬಳ್ಳಿ ಮುಟ್ಟಬೇಕಿತ್ತು.

ಬಂದ ಕೂಡಲೇ ಆತ ಅದನ್ನು ಮಗಳ ಕೈಗೆ ಕೊಟ್ಟಿದ್ದ. ಅವಳು “ನಾಳೆ ಮಾಡ್ತೀನಪ್ಪಾ” ಎಂದು ಹಲಗೆಯ ಮೇಲಿಟ್ಟಿದ್ದಳು. ಪೆನ್ನು ಅವಳ ಅಂಗಿಯ ಜೇಬಿನಲ್ಲಿಯೇ ಇತ್ತು. ಅಪ್ಪ ಅದನ್ನೂ ನೋಡಿದ್ದ.

ಕೋಣೆಯಲ್ಲಿ ಜೊತೆಗಿದ್ದ ದುಂಡವ್ವ, ಅವಳೂ ಕಂಡಕ್ಟರು, ಬಾದಾಮಿ ಕಡೆಯವಳು, ಇಂಥ ಒಂದು ಕಾಗದಕ್ಕೆ ಹರಕೆ ಹೊತ್ತಿದ್ದಳು. ಶರಣಮ್ಮನಿಗೂ ಒಂದು ಕಾಲದಲ್ಲಿ ಹಾಗೇ ಇತ್ತು. ಅದು ಯಾವಾಗ ಹೋಯಿತೋ ಅವಳಿಗೇ ತಿಳಿದಿರಲಿಲ್ಲ.

ಬೆಳಿಗ್ಗೆ ಆರು ಹತ್ತಕ್ಕೆ ಕುಮಾರಸ್ವಾಮಿ ಲೇಔಟಿನ ಕೊನೇ ಸ್ಟಾಪಿನಿಂದ ಬಸ್ಸು ಹೊರಟಿತು. ಅಪ್ಪ ಅವ್ವನಿಗೆ ಒಂದೊಂದು ದಿನದ ಪಾಸು ಮಾಡಿಸಿ, ಮುಂದಿನ ಬಾಗಿಲ ಪಕ್ಕದ ಸೀಟಿನಲ್ಲಿ ಕೂರಿಸಿದಳು. ಡ್ರೈವರ್ ಅನಂತಪದ್ಮನಾಭ ಐವತ್ತು ದಾಟಿದವರು, ಬನಶಂಕರಿಯಲ್ಲೇ ಹುಟ್ಟಿ ಬೆಳೆದವರು. ಹಿಂದಿರುಗಿ ಕೈ ಮುಗಿದರು.

“ನಮಸ್ಕಾರ ಯಜಮಾನ್ರೇ. ಆರಾಮಾಗಿ ಕೂತ್ಕೊಳ್ಳಿ, ಬೆಂಗಳೂರೆಲ್ಲ ತೋರಿಸ್ತೀನಿ.”

ಯಲ್ಲವ್ವ ಬುತ್ತಿಯ ಗಂಟು ಬಿಚ್ಚಿ ಆಗಲೇ ಅವರಿಗೊಂದು ಶೇಂಗಾ ಹೋಳಿಗೆ ಕೊಟ್ಟಳು. ಅವರು ಅದನ್ನು ಕಿಟಕಿಯ ಪಕ್ಕದಲ್ಲಿಟ್ಟುಕೊಂಡು ಗೇರು ಹಾಕಿದರು.

ಬನಶಂಕರಿ ಬಸ್ ನಿಲ್ದಾಣದವರೆಗೆ ಎಲ್ಲ ಸರಿಯಾಗಿತ್ತು. ಅಲ್ಲಿ ಜನ ನುಗ್ಗಿದರು. ಶರಣಮ್ಮ ಟಿಕೆಟ್ ಹರಿಯುತ್ತ ಹಿಂದಿನಿಂದ ಮುಂದಕ್ಕೆ ಬರುವಾಗ ದಿನವೂ ತಾನಾಗಿ ಬರುತ್ತಿದ್ದ ಗಟ್ಟಿ ಮಾತನ್ನು ತಡೆದುಕೊಂಡಳು. ಮನೆಯಲ್ಲಿ ಅವಳು ಮೆಲುದನಿಯವಳು. ಅಪ್ಪನ ಎದುರು ತಲೆ ಎತ್ತಿ ಮಾತಾಡಿದವಳಲ್ಲ. ಇಲ್ಲಿ ಹಾಗಿದ್ದರೆ ಬಸ್ಸು ಒಂದು ಸ್ಟಾಪು ಮುಂದೆ ಹೋಗುವುದಿಲ್ಲ. “ಸಾರ್, ಸ್ವಲ್ಪ ಒಳಗೆ ಹೋಗಿ” ಎಂದು ಮೆತ್ತಗೆ ಹೇಳಿ ನೋಡಿದಳು. ಯಾರೂ ಅಲುಗಾಡಲಿಲ್ಲ. ಅನಂತಪದ್ಮನಾಭರು ಕನ್ನಡಿಯಲ್ಲಿ ಅವಳನ್ನು ನೋಡಿ “ಏನಾಯ್ತು ಶರಣಮ್ಮಾವ್ರೇ, ಹುಷಾರಿಲ್ವಾ?” ಎಂದರು.

ಹಿಂದಿನ ಬಾಗಿಲಲ್ಲಿ ಒಬ್ಬ ಹುಡುಗ ಒಂದು ಕಾಲು ಹೊರಗೆ ಬಿಟ್ಟು ಜೋತಾಡುತ್ತಿದ್ದ. ಕಾಲೇಜಿನವನಿರಬೇಕು, ಭುಜದ ಮೇಲೆ ಒಂದೇ ನೋಟ್‌ಬುಕ್ಕು.

“ಒಳಗೆ ಬಾಪ್ಪ.”

“ಗಾಳಿ ಬೇಕು ಮೇಡಂ. ನೀವು ರೈಟ್ ಹೇಳಿ, ನಾನು ನೋಡ್ಕೋತೀನಿ.”

ಅವನ ಗೆಳೆಯರು ನಕ್ಕರು. ಶರಣಮ್ಮ ಒಮ್ಮೆ ಮುಂದೆ ನೋಡಿದಳು. ಅಪ್ಪನ ರುಮಾಲು ಕಂಡಿತು, ಮುಖ ಕಾಣಲಿಲ್ಲ. ಅಷ್ಟರಲ್ಲಿ ರಸ್ತೆಯಂಚಿಗೆ ನಿಂತಿದ್ದ ಒಂದು ಲಾರಿ ಬಾಗಿಲಿಗೆ ಒರಸಿಕೊಂಡಂತೆ ಹಾದು ಹೋಯಿತು. ಅವಳಿಗೆ ಅಪ್ಪ ಅವ್ವ ಎಲ್ಲ ಮರೆತು ಹೋಯಿತು. ಸೀಟಿ ಊದಿ ಬಸ್ಸು ನಿಲ್ಲಿಸಿದಳು.

“ಕಾಲು ಒಳಗಿಡ್ತೀಯೋ, ಇಳಿದು ಹೋಗ್ತೀಯೋ? ಇಡೀ ಬಸ್ಸು ನಿನಗೋಸ್ಕರ ನಿಂತಿದೆ ನೋಡು. ನಿನ್ನ ಎಲುಬು ಆರಿಸ್ಕೊಂಡು ನಿಮ್ಮಮ್ಮನ ಮನೆಗೆ ನಾನು ಹೋಗಕ್ಕಾಗಲ್ಲ. ಹತ್ತು ಮೇಲೆ.”

ಹುಡುಗ ಹತ್ತಿದ. ಎಲ್ಲರೂ ಎರಡೆರಡು ಹೆಜ್ಜೆ ಒಳಗೆ ಸರಿದರು. “ರೈಟ್, ರೈಟ್” ಎಂದಳು. ದನಿ ಇಡೀ ಬಸ್ಸಿಗೆ ಕೇಳಿತ್ತು.

ಮುಂದೆ ಬಂದಾಗ ಅವ್ವ ಅವಳ ತೋಳು ಹಿಡಿದೆಳೆದಳು. “ಹಿಂಗ ಬಾಯಿ ಮಾಡಿದ್ರ ಹೆಂಗವಾ? ನೋಡಿದ ಮಂದಿ ಏನಂದಾರು?”

ಅಪ್ಪ ಕಿಟಕಿಯ ಆಚೆ ನೋಡುತ್ತಿದ್ದ. “ಅದೇನದು ಗಿಡಾ?” ಎಂದು ಕೇಳಿದ. ಲಾಲ್‌ಬಾಗಿನ ಗೋಡೆ ಸರಿದು ಹೋಗುತ್ತಿತ್ತು.

“ಲಾಲ್‌ಬಾಗ್ ಅಪ್ಪಾ. ಡ್ಯೂಟಿ ಮುಗದ್ ಮ್ಯಾಲ ಹೋಗೂಣು.”

“ಅಲ್ಲಿ ಗದಗಿನಾಗ ಇಷ್ಟು ಒದರೂದು ಬೇಕಾಗಂಗಿಲ್ಲ ತಗೋ” ಎಂದ ಆತ ತಣ್ಣಗೆ. ಶರಣಮ್ಮ ಮುಂದಿನ ಸೀಟಿನವರಿಗೆ ಟಿಕೆಟ್ ಕೊಡುವ ನೆಪದಲ್ಲಿ ಆಚೆ ಸರಿದಳು. ಅಪ್ಪ ತನ್ನನ್ನು ಬೈದಿದ್ದರೂ ಇಷ್ಟು ಚುಚ್ಚುತ್ತಿರಲಿಲ್ಲ.

ಮೆಜೆಸ್ಟಿಕ್ ಮುಟ್ಟಿ ಬಸ್ಸು ತಿರುಗಿತು. ಟೌನ್ ಹಾಲ್ ಹತ್ತಿರ ಮಾರ್ಕೆಟ್ಟಿನ ಕಡೆಯಿಂದ ಹೂವಿನ ನೀಲಗಂಗಮ್ಮ ಹತ್ತಿದಳು. ಸೇವಂತಿಗೆ ತುಂಬಿದ ದೊಡ್ಡ ಬುಟ್ಟಿ, ಮಂಕರಿಯಷ್ಟೇ ದೊಡ್ಡದು. ಅದನ್ನು ಬಹಳ ಕಂಡಕ್ಟರ್‌ಗಳು ಹತ್ತಿಸಿಕೊಳ್ಳುತ್ತಿರಲಿಲ್ಲ. ಶರಣಮ್ಮ ಲಗೇಜಿನ ಟಿಕೆಟ್ ಹಾಕಿ, ಡ್ರೈವರ್ ಹಿಂದಿನ ಮೂಲೆಯಲ್ಲಿ ಇಡಿಸುತ್ತಿದ್ದಳು. ದಿನವೂ ಸೌತ್ ಎಂಡ್ ಸರ್ಕಲ್ಲಿನಲ್ಲಿ ಯಾರಾದರೂ ಒಬ್ಬರು ಇಳಿಸಿಕೊಡುತ್ತಿದ್ದರು.

ಆ ದಿನ ಇಳಿಸಿಕೊಟ್ಟವನು ದ್ಯಾಮಣ್ಣ. ಯಾರೂ ಹೇಳಲಿಲ್ಲ. ತಾನೇ ಎದ್ದು ಬುಟ್ಟಿಯ ಒಂದು ಕಡೆ ಹಿಡಿದು ಕೆಳಗಿಳಿದ. ಶರಣಮ್ಮ ಆಗ ಹಿಂದಿನ ಬಾಗಿಲಲ್ಲಿ ಚಿಲ್ಲರೆಗಾಗಿ ಜಗಳ ಮಾಡುತ್ತಿದ್ದ ಒಬ್ಬರನ್ನು ಸಮಾಧಾನ ಮಾಡುತ್ತಿದ್ದಳು. ಕಿಟಕಿಯಿಂದ ಬುಟ್ಟಿ ಫುಟ್‌ಪಾತಿನ ಮೇಲೆ ಕೂತದ್ದು ಕಂಡಿತು. ಎರಡು ಸಲ ಸೀಟಿ ಊದಿದಳು. ಬಸ್ಸು ಹೊರಟಿತು.

ಯಲ್ಲವ್ವ ಆಗ ತೂಕಡಿಸುತ್ತಿದ್ದಳು. ಎಚ್ಚರಾದದ್ದು ಬನಶಂಕರಿಯ ಹತ್ತಿರ.

“ನಿಮ್ಮಪ್ಪ ಎಲ್ಲದಾನ?”

ಶರಣಮ್ಮ ಮುಂದಿನ ಸೀಟು ನೋಡಿದಳು. ಹಿಂದೆ ನೋಡಿದಳು. ಜನರ ನಡುವೆ ನುಸುಳಿ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ ಬಂದಳು. ಆಮೇಲೆ ಬುಟ್ಟಿ ನೆನಪಾಯಿತು, ತಾನು ಊದಿದ ಸೀಟಿಯೂ ನೆನಪಾಯಿತು. ಕಂಬಿ ಹಿಡಿದುಕೊಂಡು ಮುಂದಕ್ಕೆ ಹೋದಳು.

“ಸಾರ್, ನಮ್ಮಪ್ಪ ಸೌತ್ ಎಂಡಲ್ಲಿ ಉಳ್ಕೊಂಡ್‌ಬಿಟ್ರು” ಎಂದಳು ಡ್ರೈವರ್‌ಗೆ.

ಅನಂತಪದ್ಮನಾಭರು ಒಂದು ಕ್ಷಣ ಯೋಚಿಸಿದರು. ಬಸ್ಸಿನ ತುಂಬ ಜನ, ಹಿಂದೆ ತಿರುಗಿಸುವಂತಿಲ್ಲ. ಅವಳು ಇಳಿದು ಹೋದರೆ ಬಸ್ಸು ನಡೆಯುವುದಿಲ್ಲ. ಅಪ್ಪನ ಪಾಸು ಅವ್ವನ ಚೀಲದಲ್ಲಿದೆ. ಅಪ್ಪನಿಗೆ ಮಗಳ ಮನೆಯ ವಿಳಾಸ ಬಾಯಿಪಾಠ, ಆದರೆ ಅದು ಈ ದಾರಿಯಲ್ಲಿಲ್ಲ, ಬಿ.ಟಿ.ಎಂ.ನಲ್ಲಿ. ಫೋನು ಯಾರ ಹತ್ತಿರವೂ ಇರಲಿಲ್ಲ.

“ಗಾಬರಿ ಆಗ್ಬೇಡಿ. ನಮ್ಮವರು ಎಷ್ಟು ಜನ ಆ ರೋಡಲ್ಲಿ ಹೋಗ್ತಾರೆ” ಎಂದು ಅವರು ಸಿಗ್ನಲ್ಲಿನಲ್ಲಿ ಎದುರು ನಿಂತ ಬಸ್ಸಿಗೆ ಕಿಟಕಿಯಿಂದ ಕೈ ಬೀಸಿದರು. “ಗುರು, ಸೌತ್ ಎಂಡ್ ಸ್ಟಾಪಲ್ಲಿ ಒಬ್ರು ಯಜಮಾನ್ರು, ಬಿಳಿ ರುಮಾಲು, ಧೋತ್ರ. ನಮ್ಮ ಶರಣಮ್ಮನ ತಂದೆ. ಕಂಡ್ರೆ ಹತ್ತಿಸ್ಕೊಂಡು ಕುಮಾರಸ್ವಾಮಿ ಲೇಔಟ್‌ಗೆ ಕಳ್ಸಿ. ಎಲ್ಲರಿಗೂ ಹೇಳ್ಬಿಡಿ.” ಆ ಡ್ರೈವರ್ ತಲೆ ಅಲ್ಲಾಡಿಸಿದ. ಮುಂದಿನ ಸಿಗ್ನಲ್ಲಿನಲ್ಲಿ ಇನ್ನೊಂದು ಬಸ್ಸಿಗೂ ಅದನ್ನೇ ಹೇಳಿದರು. ಬನಶಂಕರಿ ನಿಲ್ದಾಣದಲ್ಲಿ ಶರಣಮ್ಮ ಓಡಿ ಹೋಗಿ ಕಂಟ್ರೋಲರ್‌ಗೆ ಹೇಳಿ ಬಂದಳು.

ಕುಮಾರಸ್ವಾಮಿ ಲೇಔಟಿನಲ್ಲಿ ಎಂಟು ನಿಮಿಷದ ಬಿಡುವು. ಶರಣಮ್ಮ ರಸ್ತೆಗೆ ಬಂದು ನಿಂತಳು. ಒಂದು ಬಸ್ಸು ಬಂತು. ಅದರ ಕಂಡಕ್ಟರು ಇಳಿದು, “ಇಲ್ಲಮ್ಮ, ಸ್ಟಾಪಲ್ಲಿ ಯಾರೂ ಇರ್ಲಿಲ್ಲ. ದಾರೀಲಿ ಒಬ್ರು ನಡ್ಕೊಂಡು ಬರ್ತಿದ್ರು, ರುಮಾಲು ಇತ್ತು. ಬಾಗಿಲಲ್ಲಿ ನಿಂತ್ಕೊಂಡು ಕೇಳ್ದೆ, ‘ಶರಣಮ್ಮನ ಅಪ್ಪ ಏನ್ರಿ?’ ಅಂತ. ಅಲ್ಲ ಅಂದ್ರು” ಎಂದ.

ಯಲ್ಲವ್ವ ಕಟ್ಟೆಯ ಮೇಲೆ ಕುಳಿತು, ಅಳಲೂ ಆಗದೆ, ಬುತ್ತಿಯ ಗಂಟನ್ನು ಬಿಚ್ಚುವುದು ಕಟ್ಟುವುದು ಮಾಡುತ್ತಿದ್ದಳು. ಟೈಮ್ ಆಯಿತೆಂದು ಹಿಂದಿನ ಬಸ್ಸಿನವನು ಹಾರ್ನ್ ಮಾಡಿದ.

“ಅವ್ವಾ, ಹತ್ತು.”

“ನಾ ಬರಂಗಿಲ್ಲ. ಅವರು ಬಂದ್ರ ಇಲ್ಲಿ ಯಾರ ಇರ್ತಾರ? ನೀ ಹೋಗು.”

“ಹೆಂಗ ಹೋಗ್ಲಿ ಅವ್ವಾ ನಿನ್ನ ಒಬ್ಬಾಕಿನ್ನ ಬಿಟ್ಟು?”

“ಮಂದಿ ಕುಂತಾರ ಒಳಗ. ಹೋಗು.”

ಅಲ್ಲಿಯ ಚಹಾ ಅಂಗಡಿಯ ತಿಮ್ಮಕ್ಕನಿಗೆ ಅವ್ವನನ್ನು ನೋಡಿಕೊಳ್ಳಲು ಹೇಳಿ ಶರಣಮ್ಮ ಬಸ್ಸು ಹತ್ತಿದಳು. ಸೀಟಿಯನ್ನು ತುಟಿಗಿಟ್ಟಳು, ಊದಲಾಗಲಿಲ್ಲ. ಎರಡನೆಯ ಸಲ ಊದಿದಳು. ಒಂದು ಕಡೆ ಅವ್ವನನ್ನು, ಇನ್ನೊಂದು ಕಡೆ ಅಪ್ಪನನ್ನು ರಸ್ತೆಯ ಮೇಲೆ ಬಿಟ್ಟು ಇಡೀ ಊರಿನ ಜನಕ್ಕೆ ಟಿಕೆಟ್ ಕೊಡುತ್ತಿದ್ದೇನಲ್ಲ, ಇದೆಂಥ ಕೆಲಸ ಎಂದು ಅವಳಿಗೆ ಆಗ ಅನ್ನಿಸಿತು. ಕೋಣೆಗೆ ಹೋದ ಕೂಡಲೇ ಆ ಕಾಗದಕ್ಕೆ ಸಹಿ ಹಾಕಿಬಿಡುತ್ತೇನೆ ಎಂದುಕೊಂಡಳು. ಅಷ್ಟು ಅಂದುಕೊಂಡರೂ ಕೈ ತನ್ನ ಪಾಡಿಗೆ ಟಿಕೆಟ್ ಹರಿಯುತ್ತಿತ್ತು. ಬನಶಂಕರಿಗೆ ಇಳಿಯುವವರನ್ನು ಅವರು ಹೇಳುವ ಮೊದಲೇ ಬಾಗಿಲಿಗೆ ಕಳಿಸುತ್ತಿತ್ತು.

ಬನಶಂಕರಿ ದಾಟಿ ಆರ್.ವಿ. ರಸ್ತೆಗೆ ತಿರುಗಿದಾಗ ಎದುರಿನಿಂದ ಬರುತ್ತಿದ್ದ ಬಸ್ಸು ಉದ್ದಕ್ಕೆ ಹಾರ್ನ್ ಹೊಡೆದು ನಿಧಾನವಾಯಿತು. ಅನಂತಪದ್ಮನಾಭರೂ ಬ್ರೇಕ್ ಹಾಕಿದರು. ಆ ಬಸ್ಸಿನ ಹಿಂದಿನ ಕಿಟಕಿಯ ಹತ್ತಿರ ಕಂಡಕ್ಟರ್ ಸಿದ್ದಾರೂಢ ನಿಂತು, ಒಳಗೆ ಬೆರಳು ತೋರಿಸುತ್ತಿದ್ದ. ಅವನ ಸೀಟಿನಲ್ಲಿ, ಕಂಡಕ್ಟರ್ ಸೀಟಿನಲ್ಲಿ, ದ್ಯಾಮಣ್ಣ ರುಮಾಲು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ.

“ನಿಮ್ಮಪ್ಪನ್ನ ಲೇಔಟಿಗೆ ಮುಟ್ಟಸ್ತೀನಿ ತಂಗಿ. ನೀ ನಡಿ” ಎಂದು ಸಿದ್ದಾರೂಢ ಕೂಗಿದ.

ದ್ಯಾಮಣ್ಣ ಮಗಳನ್ನು ನೋಡಿ ಅರ್ಧ ಕೈ ಎತ್ತಿದ. ಅವಳೂ ಎತ್ತಿದಳು. ಎರಡು ಬಸ್ಸುಗಳೂ ಹೊರಟವು. ಒಳಗೆ ಯಾರೋ ಒಬ್ಬ ಹೆಂಗಸು “ಯಾರಮ್ಮ ಅವರು?” ಎಂದು ಕೇಳಿದಳು. ಶರಣಮ್ಮ ಮುಖ ತಿರುಗಿಸಿ ಕಣ್ಣೊರಸಿಕೊಂಡು “ಟಿಕೆಟ್, ಟಿಕೆಟ್” ಎಂದಳು.

ನಡುವಿನ ಟ್ರಿಪ್ಪುಗಳಲ್ಲಿ ಮಾತಾಡಲು ಬಿಡುವಾಗಲಿಲ್ಲ. ಡ್ಯೂಟಿ ಮುಗಿದು ಎರಡೂವರೆಗೆ ಅವಳು ಲೇಔಟಿಗೆ ಬಂದಾಗ ಅಪ್ಪ ಅವ್ವ ತಿಮ್ಮಕ್ಕನ ಅಂಗಡಿಯ ಬೆಂಚಿನ ಮೇಲಿದ್ದರು. ಬುತ್ತಿಯೆಲ್ಲ ಖಾಲಿಯಾಗಿತ್ತು. ಬಂದ ಬಸ್ಸಿನವರಿಗೆಲ್ಲ ಯಲ್ಲವ್ವ ಹಂಚಿದ್ದಳು. ನಡೆದದ್ದನ್ನು ಅವಳೇ ಹೇಳಿದಳು. ಬಸ್ಸು ಹೋದ ದಾರಿ ಹಿಡಿದು ಆತ ನಡೆಯತೊಡಗಿದ್ದ. ಆರು ಹಳ್ಳಿ ನಡೆದ ಕಾಲಿಗೆ ಅದೇನು ದೊಡ್ಡದು. ಮೂರು ಬಸ್ಸುಗಳು ಒಂದರ ಹಿಂದೆ ಒಂದು ಪಕ್ಕದಲ್ಲಿ ನಿಧಾನ ಮಾಡಿ, ಶರಣಮ್ಮನ ಅಪ್ಪ ಏನ್ರಿ, ಶರಣಮ್ಮನ ಅಪ್ಪನಾ ಎಂದು ಕೇಳಿದ್ದವು. ಮೂವರಿಗೂ ಆತ ಅಲ್ಲ ಎಂದಿದ್ದ.

“ಯಾಕಪ್ಪಾ?”

“ಬೆಂಗಳೂರಾಗ ಹೆಸರು ಹಿಡದು ಕರದು ಮೋಸ ಮಾಡ್ತಾರಂತ ಊರಾಗ ಹೇಳಿ ಕಳಿಸಿದ್ರು” ಎಂದ ದ್ಯಾಮಣ್ಣ, ಸ್ವಲ್ಪ ನಾಚಿಕೊಂಡು. “ಆ ಸಿದ್ದಾರೂಢ ನಮ್ಮ ಮಾತಿನಾಗ ಕೇಳಿದ. ಅವಗ ಹೌದು ಅಂದೆ.”

ಶರಣಮ್ಮನಿಗೆ ನಗು ಬಂತು, ನಗಲಿಲ್ಲ. ಅವನ ಪಕ್ಕದಲ್ಲಿ ಕುಳಿತಳು. ಬಸ್ಸಿನಲ್ಲಿ ಅಂದುಕೊಂಡದ್ದು ಅಷ್ಟು ಹೊತ್ತಿಗೆ ಅವಳಲ್ಲಿ ಉಳಿದಿರಲಿಲ್ಲ. ಈಗ ಹೇಳದಿದ್ದರೆ ಎಂದೂ ಹೇಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

“ಅಪ್ಪಾ, ಆ ಕಾಗದಕ್ಕ ನಾ ಸಹಿ ಮಾಡಂಗಿಲ್ಲ.”

ದ್ಯಾಮಣ್ಣ ಚಹಾದ ಗ್ಲಾಸು ಕೆಳಗಿಟ್ಟ. “ನೀನ ಬರದಿದ್ದಿ. ಕರಕೊಂಡು ಹೋಗು ಅಂತ.”

“ಹೌದು. ಆಗ ಬರದಿದ್ದೆ.”

“ಮೂರು ವರ್ಷ ಅಡ್ಡಾಡೀನಿ ಶರಣಿ. ಯಾರ್ಯಾರ ಮುಂದ ಕೈ ಕಟ್ಟಿ ನಿಂತೀನಿ.”

“ಗೊತ್ತೈತಪ್ಪಾ.”

“ಇಲ್ಲಿ ಏನೈತಿ ನಿನಗ? ಮುಂಜಾನಿಂದ ಒದರೂದು, ಬೈಸ್ಕೊಳ್ಳೂದು.”

ಸಂಜೆಯ ಪಾಳಿಯಲ್ಲಿ ಕಾಲೇಜು ಹುಡುಗಿಯರು ಬೇರೆ ಬಸ್ಸು ಬಿಟ್ಟು ತನ್ನ ಬಸ್ಸಿಗಾಗಿ ಕಾಯುವುದನ್ನು ಅವಳು ಹೇಳಬಹುದಿತ್ತು. ಹೇಳಿದರೆ ಅದೇನು ದೊಡ್ಡದೆಂದು ಕೇಳಿಸೀತು. “ನನಗ ಇಲ್ಲಿ ರೂಢಿ ಆಗೇತಿ. ನನಗ ಸೇರ್ತೈತಿ” ಎಂದಷ್ಟೇ ಅಂದಳು.

ಆತ ಎದ್ದು ರುಮಾಲು ಸುತ್ತಿಕೊಂಡ. ಯಲ್ಲವ್ವ ಇಬ್ಬರ ಮುಖವನ್ನೂ ನೋಡಿ, “ಲಾಲ್‌ಬಾಗಿಗೆ ಹೋಗೂದೈತೋ ಇಲ್ಲೋ?” ಎಂದಳು.

ಹೋದರು. ದ್ಯಾಮಣ್ಣ ಇಬ್ಬರಿಗಿಂತ ಇಪ್ಪತ್ತು ಹೆಜ್ಜೆ ಮುಂದೆ ನಡೆದ, ಟಪಾಲು ಹಂಚುವವನ ಹಾಗೆ ಸರಸರನೆ. ಗಾಜಿನ ಮನೆಯ ಮುಂದೆಯೂ ನಿಲ್ಲಲಿಲ್ಲ, ಕೆರೆಯ ಮುಂದೆಯೂ ನಿಲ್ಲಲಿಲ್ಲ. ಸೀರೆ ಕೊಳ್ಳಲು ಯಾರಿಗೂ ಮನಸ್ಸಾಗಲಿಲ್ಲ. ಮರುದಿನ ಊರಿಗೆ ಹೊರಟಾಗ ಹಲಗೆಯ ಮೇಲಿನ ಲಕೋಟೆಯನ್ನು ಆತ ಹಾಗೇ ಚೀಲಕ್ಕೆ ಹಾಕಿಕೊಂಡ. ಬಾಗಿಲಲ್ಲಿ ಒಂದು ಕ್ಷಣ ನಿಂತ. ಮಗಳು ಮಾತಾಡುತ್ತಾಳೇನೋ ಎಂದಿರಬೇಕು. ಅವಳು ಬಗ್ಗಿ ಕಾಲು ಮುಟ್ಟಿದಳು.

ಆಮೇಲೆ ನಾಲ್ಕು ತಿಂಗಳು ಅಪ್ಪನ ಕಾಗದ ಬರಲಿಲ್ಲ. ಅವ್ವ ಪಕ್ಕದ ಮನೆಯ ಹುಡುಗಿಯ ಕೈಲಿ ಬರೆಸುತ್ತಿದ್ದಳು, ಅದರಲ್ಲಿ ಅಪ್ಪನ ಹೆಸರು ಇರುತ್ತಿರಲಿಲ್ಲ. ಆ ನಾಲ್ಕು ತಿಂಗಳಲ್ಲಿ ಶರಣಮ್ಮನಿಗೆ ತಪ್ಪು ಮಾಡಿದೆನೇನೋ ಎಂದು ಎರಡು ಸಲ ಅನ್ನಿಸಿತು. ಒಮ್ಮೆ ಜ್ವರ ಬಂದು ಕೋಣೆಯಲ್ಲಿ ಒಬ್ಬಳೇ ಮಲಗಿದ್ದಾಗ. ಇನ್ನೊಮ್ಮೆ ದುಂಡವ್ವನಿಗೆ ವರ್ಗವಾಗಿ ಅವಳು ಟ್ರಂಕು ಕಟ್ಟಿದಾಗ.

ಯುಗಾದಿಗೆ ರಜೆ ಸಿಕ್ಕಿತು. ನರೇಗಲ್ಲಿನಲ್ಲಿ ಬಸ್ಸಿಳಿದಾಗ ಅಪ್ಪ ನಿಂತಿದ್ದ. ಬರುತ್ತಾನೆಂದು ಅವಳು ಅಂದುಕೊಂಡಿರಲಿಲ್ಲ. ಅವಳ ಚೀಲ ತೆಗೆದುಕೊಂಡು ಹೆಗಲಿಗೆ ಹಾಕಿ ಮುಂದೆ ನಡೆದ. ಪಂಚಾಯಿತಿ ಕಟ್ಟೆಯ ಹತ್ತಿರ ಗುರುಶಾಂತಪ್ಪ ಮಾಸ್ತರರು ಎದುರಾದರು.

“ಏನ್ ದ್ಯಾಮಣ್ಣ, ಮಗಳು ಬಂದ್ಲಲ್ಲ. ಗದಗಿಗಿ ಆತೇನು ವರ್ಗಾ?”

ಶರಣಮ್ಮ ನೆಲ ನೋಡುತ್ತ ನಿಂತಳು.

“ಇಲ್ರಿ ಮಾಸ್ತರ. ಆಕಿ ಬರಂಗಿಲ್ಲ” ಎಂದ ದ್ಯಾಮಣ್ಣ, ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸುತ್ತ. “ಆಕಿಗಿ ಅಲ್ಲೇ ಸೇರೇತಿ. ಹಬ್ಬಕ್ಕಂತ ನಾಕ ದಿನಾ ಬಂದಾಳ.”

ಮಾಸ್ತರರು ಇನ್ನೇನೋ ಕೇಳುವವರಿದ್ದರು. ಆತ ನಿಲ್ಲಲಿಲ್ಲ. “ಬಾ, ಬಿಸಲಾಗೇತಿ” ಎಂದು ಮಗಳಿಗೆ ಹೇಳಿ ಓಣಿಗೆ ತಿರುಗಿದ. ನಾಲ್ಕು ಹೆಜ್ಜೆ ನಡೆದ ಮೇಲೆ, ಅವಳು ಜೊತೆಗೆ ಬರಲಿ ಎಂದು ನಡಿಗೆ ನಿಧಾನ ಮಾಡಿದ.